ಮೇನ್ ಇಲ್ಲದ ಹಾಡು

ಸ್ಪೂಲ್ ಟೇಪನ್ನು ವೇಗವಾಗಿ ಹಿಂದಕ್ಕೆ ಓಡಿಸುವಾಗ ಅದರೊಳಗಿನ ಹಾಡು ಕಿಚಪಿಚ ಅನ್ನುತ್ತದೆ, ಗುಬ್ಬಚ್ಚಿಗಳ ಗುಂಪೊಂದು ಜಗಳಕ್ಕೆ ಬಿದ್ದ ಹಾಗೆ. ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಆ ಸದ್ದನ್ನು ನಾನು ಎಷ್ಟು ಸಲ ಕೇಳಿದೆನೆಂದರೆ, ಈಗಲೂ ಬೆಳಗ್ಗೆ ಕಿಟಕಿಯ ಹೊರಗೆ ಹಕ್ಕಿಗಳು ಗಲಾಟೆ ಮಾಡಿದರೆ ಕೈ ತಾನಾಗಿ ಸ್ಟಾಪ್ ಬಟನ್ ಹುಡುಕುತ್ತದೆ. ನನ್ನ ಆ ಗುಬ್ಬಚ್ಚಿಗಳು ಆರು ಮಂದಿ ಹೆಂಗಸರು, ಫಳ್ನೀರಿನ ಒಂದು ಬ್ಯಾರಿ ಮುಸ್ಲಿಂ ಮನೆಯವರು. ಮೂವರು ಸೊಸೆಯಂದಿರು, ಇಬ್ಬರು ಹೆಣ್ಣುಮಕ್ಕಳು, ಮತ್ತೆ ಮನೆಯ ಯಜಮಾನಿಯ ತಂಗಿ. ಯಜಮಾನಿಯನ್ನು ಆ ಬೀದಿಯವರೆಲ್ಲ ಉಮ್ಮ ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಹಂಪನಕಟ್ಟೆಯಲ್ಲಿ ನನ್ನ ಮಾವನವರ ಹೋಟೆಲು. ಅದರ ಮೇಲಿನ ಮಾಳಿಗೆಯ ಒಂದು ಕೋಣೆಯಲ್ಲಿ ನಾನು ಸಣ್ಣದೊಂದು ರೆಕಾರ್ಡಿಂಗ್ ವ್ಯವಸ್ಥೆ ಇಟ್ಟುಕೊಂಡಿದ್ದೆ. ಗಲ್ಫಿನಿಂದ ಬಂದವರೊಬ್ಬರು ಮಾರಿದ ನಾಲ್ಕು ಟ್ರ್ಯಾಕಿನ ಟೇಪ್ ಮೆಷಿನು, ನಾಲ್ಕು ಮೈಕು, ಗೋಡೆಗೆ ಹೊಡೆದ ಗೋಣಿತಾಟು. ಒಂದು ದಿನ ಉಮ್ಮ ಹೇಳಿ ಕಳಿಸಿದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಮೊಮ್ಮಗಳ ಮದುವೆ ಗಲ್ಫಿನಲ್ಲೇ ಅಂತ ಆಯ್ತು ಮಗಳೇ. ನಮಗೆ ಹೆಂಗಸರಿಗೆ ಯಾರಿಗೂ ವೀಸಾ ಇಲ್ಲ. ಮೈಲಾಂಜಿಯ ದಿನ ಹಾಡುವವರು ಬೇಡವಾ ಅಲ್ಲಿ? ನಾವು ಹೋಗದಿದ್ದರೆ ಬೇಡ, ನಮ್ಮ ಪಾಟು ಹೋಗಲಿ. ಪಾಟಿಗೆ ವೀಸಾ ಬೇಡ ಅಲ್ವಾ?"

ಮೈಲಾಂಜಿ ಅಂದರೆ ಮದುಮಗಳ ಕೈಗೆ ಮದರಂಗಿ ಹಚ್ಚುವ ಶಾಸ್ತ್ರ. ಹೆಂಗಸರು ಸುತ್ತ ಕೂತು ಕೈತಟ್ಟಿ ಪಾಟು, ಅಂದರೆ ಹಾಡು, ಹೇಳುತ್ತಾರೆ. ಹಾಡು ರೆಕಾರ್ಡ್ ಮಾಡಿದರೆ, ಬಂದರಿನಲ್ಲಿ ಅಂಗಡಿಯಿದ್ದ ದೊಡ್ಡ ಮಗ ಮದುವೆಗೆ ಹೋಗುವಾಗ ಕ್ಯಾಸೆಟ್ ಕೊಂಡುಹೋಗುವುದು ಅಂತ ಏರ್ಪಾಡು. ಆದರೆ ಅವರದ್ದೊಂದು ಕಂಡಿಶನ್ ಇತ್ತು. ತುಂಬ ಮರ್ಯಾದೆಯಿಂದಲೇ ಹೇಳಿದರು.

"ಅಲ್ಲಿ ಹಾಲ್‌ನಲ್ಲಿ ಸ್ಪೀಕರ್ ಕಟ್ತಾರೆ ಅಕ್ಕ. ನಾಲ್ಕು ಊರಿನ ಗಂಡಸರು ಇರ್ತಾರೆ. ನಮ್ಮ ಮನೆಯ ಹೆಂಗಸರು ಹಾಡಿದ್ದು ಅಂತ ಗೊತ್ತಾದ್ರೆ ಅಡ್ಡಿ ಇಲ್ಲ, ಅದು ಮರ್ಯಾದೆಯೇ. ಆದರೆ ಇದು ಇಂಥವಳ ಸ್ವರ ಅಂತ ಬೆರಳು ತೋರಿಸುವ ಹಾಗೆ ಇರಬಾರದು. ಒಬ್ಬಳದ್ದು ಬೇರೆ ಗೊತ್ತಾದ್ರೂ ನಾನು ಕೊಂಡುಹೋಗುದಿಲ್ಲ."

ಇದು ಎಲ್ಲರ ಬಗೆಗಿನ ಮಾತಾಗಿ ಕಂಡರೂ ನಿಜಕ್ಕೆ ಎರಡನೇ ಸೊಸೆಯ ಬಗೆಗಿನದ್ದಾಗಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಯಾರದೋ ಮದುವೆಮನೆಯ ಒಳಕೋಣೆಯಲ್ಲಿ ಆಕೆ ಹಾಡಿದಾಗ, ಹೊರಗೆ ಚಪ್ಪರದಲ್ಲಿ ಕೂತ ಗಂಡಸೊಬ್ಬರು "ಆ ಸ್ವರ ಯಾರದ್ದು?" ಎಂದು ಕೇಳಿದರಂತೆ. ಕೇಳಿದ್ದು ಅಷ್ಟೇ. ಅಂದಿನಿಂದ ಆಕೆಯ ಹಾಡು ನಿಂತಿತು, ಅಡುಗೆಮನೆಯಲ್ಲಿ ಕೂಡ. ಈ ಕ್ಯಾಸೆಟ್ಟಿಗಾಗಿ ಉಮ್ಮ ದೊಡ್ಡ ಮಗನ ಹತ್ತಿರ ಹಟ ಹಿಡಿದು ಆಕೆಯನ್ನು ಪುನಃ ಕೂರಿಸಿದ್ದರು. ಇದೊಂದು ಸರಿಯಾಗಿ ದಾಟಿದರೆ ಆಕೆ ಮುಂದೆಯೂ ಹಾಡಬಹುದು. ಎಡವಿದರೆ ಇನ್ನು ಯಾವತ್ತೂ ಇಲ್ಲ.

ಓದಿ ಯಾರೂ ಮೂಗು ಮುರಿಯುವುದು ಬೇಡ. ನಾನು ಮಾಡಿದ ಕ್ಯಾಸೆಟ್ಟುಗಳ ಮೇಲೂ ಹೋಟೆಲಿನ ಹೆಸರೇ ಅಚ್ಚಾಗುತ್ತಿತ್ತು. ಹೆಂಗಸರು ಎಲ್ಲಿ ಕೇಳಿಸಬೇಕು, ಎಲ್ಲಿ ಕೇಳಿಸಬಾರದು ಎಂಬ ಲೆಕ್ಕ ಆಗ ಎಲ್ಲ ಮನೆಗಳಲ್ಲೂ ಇತ್ತು.

ರೆಕಾರ್ಡಿಂಗ್ ನಾನೇ ಮಾಡಿದೆ, ಅವರ ಮನೆಯ ಒಳಹಜಾರದಲ್ಲಿ, ಕಿಟಕಿಗಳಿಗೆ ಹಾಸಿಗೆ ಒರಗಿಸಿ. ಇಬ್ಬರಿಗೆ ಒಂದರಂತೆ ಮೂರು ಮೈಕು. ನಾಲ್ಕನೆಯದನ್ನು ನಡುವೆ ನೆಲದ ಹತ್ತಿರ ಇಟ್ಟೆ, ಚಪ್ಪಾಳೆಗೆ. ಎರಡನೇ ಸೊಸೆ ಮತ್ತು ಉಮ್ಮನ ತಂಗಿ ಒಂದೇ ಮೈಕಿಗೆ, ಅಂದರೆ ಎರಡನೇ ಟ್ರ್ಯಾಕಿಗೆ ಬಂದರು. ಮೊದಲ ಹಾಡಿನಲ್ಲೇ ಆ ಸೊಸೆಯ ಸ್ವರಕ್ಕೆ ನನ್ನ ಮೈ ಜುಮ್ಮೆಂದಿತು. ವಾಟ್ ಎ ವಾಯ್ಸ್! ಹುಣಸೆಹಣ್ಣಿನ ಹಾಗೆ, ಸಿಹಿಯೊಳಗೊಂದು ಚುರುಕು. ಖುಷಿಯ ಹಿಂದೆಯೇ ಹೆದರಿಕೆಯೂ ಬಂತು. ಈ ಸ್ವರವನ್ನು ಅಡಗಿಸುವುದು ಹೇಗೆ?

ನಾಲ್ಕು ಟ್ರ್ಯಾಕನ್ನು ಬೆರೆಸಿ ಒಂದು ಹಾಡಾಗಿ ಇಳಿಸುವ ಮಿಕ್ಸಿಂಗ್ ನನ್ನ ಕೈಗೆ ಮೀರಿದ ಕೆಲಸ. ಮೆಷಿನ್ ನಡೆಸುವುದು ಬೇರೆ, ಮಿಕ್ಸ್ ಮಾಡುವುದು ಬೇರೆ. ವಿಚಾರಿಸಿದಾಗ ಬೊಂಬಾಯಿಯ ಸ್ಟುಡಿಯೋಗಳಲ್ಲಿ ಫ್ರೀಲಾನ್ಸ್ ಮಿಕ್ಸಿಂಗ್ ಮಾಡುವ ನಮ್ಮೂರಿನವರೊಬ್ಬರು ಕಾಮಾಲೆ ಹಿಡಿದು ಕೊಟ್ಟಾರದ ಮನೆಗೆ ಬಂದಿದ್ದಾರೆ ಎಂದು ತಿಳಿಯಿತು. ಮನೆಮಾತು ಕೊಂಕಣಿ, ವಯಸ್ಸು ಮೂವತ್ತರ ಆಚೀಚೆ. ಪಥ್ಯದಲ್ಲಿದ್ದರು. ಎಣ್ಣೆ ಇಲ್ಲ, ಮೀನಿಲ್ಲ. ಹೋಟೆಲಿಗೆ ಬಂದು ಬನ್ಸ್ ಕರಿಯುವ ವಾಸನೆಗೆ ಕಣ್ಣು ಮುಚ್ಚಿಕೊಂಡು ಮೆಟ್ಟಿಲು ಹತ್ತಿದರು.

ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ನಾನು ಅವರನ್ನು ಪರೀಕ್ಷಿಸಬೇಕು ಅಂದುಕೊಂಡಿದ್ದೆ. ಆದದ್ದು ಉಲ್ಟಾ.

"ಮೇಡಂ, ಮೂರು ವಿಷಯ ಹೇಳಿ. ಎಲ್ಲಿ ಪ್ಲೇ ಮಾಡ್ತಾರೆ? ಫೈನಲ್ ಓಕೆ ಮಾಡುದು ಯಾರು, ನೀವಾ ಪಾರ್ಟಿಯಾ? ಮತ್ತೆ, ಮೇನ್ ಯಾರು?"

ಮೊದಲಿನ ಎರಡಕ್ಕೆ ಉತ್ತರ ಕೊಟ್ಟೆ. ಮೂರನೆಯದಕ್ಕೆ, "ಮೇನ್ ಇಲ್ಲ" ಅಂದೆ.

"ಮೇನ್ ಇಲ್ಲದ ಹಾಡುಂಟಾ? ಲೀಡ್ ಒಬ್ಬರು, ಕೋರಸ್ ಐದು. ಹಾಗೆ ಅಲ್ವಾ?"

"ಆರೂ ಕೋರಸ್."

ಅವರಿಗೆ ನಂಬಿಕೆ ಬರಲಿಲ್ಲ. ಪಾರ್ಟಿಯ ಬಾಯಿಂದಲೇ ಕೇಳಬೇಕು ಅಂದರು. ಫಳ್ನೀರಿಗೆ ಕರೆದುಕೊಂಡು ಹೋದೆ. ಚಾವಡಿಯಲ್ಲಿ ನಾವು, ಬಾಗಿಲಿಗೆ ಇಳಿಬಿಟ್ಟ ಪರದೆಯ ಆಚೆ ಉಮ್ಮ.

"ಉಮ್ಮ, ಇದರಲ್ಲಿ ಮೇನ್ ಯಾರು?" ಇವರು, ನಮ್ಮ ಮಿಕ್ಸಿಂಗಿನವರು, ಕೇಳಿದರು.

"ಮೀನಾ? ಇವತ್ತು ಬಂಗುಡೆ. ಊಟಕ್ಕೆ ಕೂತ್ಕೊಳ್ಳಿ."

"ಮೀನಲ್ಲ ಉಮ್ಮ, ಮೇನ್! ಮುಖ್ಯ!"

"ಮುಖ್ಯ ಮದುಮಗಳು. ಮತ್ತೆ ಯಾರು?"

ಒಳಗಿನಿಂದ ಕಿಸಕ್ಕನೆ ನಗು ಬಂತು. ಇವರು ನನ್ನ ಮುಖ ನೋಡಿದರು. ಪರದೆಯ ಹಿಂದಿನಿಂದ ಉಮ್ಮ ನಿಧಾನವಾಗಿ ಹೇಳಿದರು. "ಒಬ್ಬಳ ಸ್ವರ ಎದ್ದು ಬಂದರೆ ಪಾಟು ಅವಳದ್ದಾಗ್ತದೆ ಮಗ. ಇದು ಮನೆಯ ಪಾಟು. ಮನೆಯೇ ಹಾಡಿದ ಹಾಗೆ ಬೇಕು."

ಹಿಂದೆ ಬರುವಾಗ ದಾರಿಯುದ್ದಕ್ಕೂ ಇವರು ಬಸ್ಸಿನ ಕಿಟಕಿಯ ಹೊರಗೇ ನೋಡುತ್ತಿದ್ದರು. ಬಂಗುಡೆ ತಿನ್ನಲಾಗದ ದುಃಖವೋ ಏನೋ ಅಂದುಕೊಂಡೆ. ಹಂಪನಕಟ್ಟೆಯಲ್ಲಿ ಬಸ್ಸಿಳಿಯುವಾಗ, "ಆಯ್ತು ಮೇಡಂ, ಮಾಡುವ" ಅಂದರು.

ಮಾಡಿದರು ಕೂಡ, ಆದರೆ ತಮ್ಮ ಅಭ್ಯಾಸದಂತೆ. ಮೊದಲು ಎಕೋ ಬೇಕು ಅಂದರು. ಆ ಮೆಷಿನು ನಮ್ಮಲ್ಲಿರಲಿಲ್ಲ. ತಾರಸಿಯ ಮೇಲೆ ಹೋಟೆಲಿನ ಹೊಸ ಸಿಮೆಂಟ್ ಟ್ಯಾಂಕು ಕಟ್ಟಿ ಮುಗಿದಿತ್ತು, ನೀರು ತುಂಬಿರಲಿಲ್ಲ. ಇವರು ಅದರೊಳಗೆ ಇಳಿದು ಒಂದು ಚಪ್ಪಾಳೆ ಹೊಡೆದು ನೋಡಿ, "ಫಸ್ಟ್ ಕ್ಲಾಸ್!" ಅಂದರು. ಒಂದು ಮೂಲೆಯಲ್ಲಿ ಸ್ಪೀಕರು, ಎದುರು ಮೂಲೆಯಲ್ಲಿ ಮೈಕು, ಮೇಲೆ ಮುಚ್ಚಳ. ಕೋಣೆಯಿಂದ ವಯರಿನಲ್ಲಿ ಹಾಡು ಹೋಗುವುದು, ಟ್ಯಾಂಕಿನೊಳಗೆ ಗುಂಯ್ ಎಂದು ಸುತ್ತಿ, ಗುಂಗು ಹಿಡಿದು ಇನ್ನೊಂದು ವಯರಿನಲ್ಲಿ ಹಿಂದೆ ಬರುವುದು. ಆ ಹೆಂಗಸರು ಹಾಡಿದ್ದು ಕಾಗೆಗೂ ಕೇಳಿಸದಷ್ಟು ಭದ್ರ.

ಕ್ಯಾಶಿನಲ್ಲಿ ಕೂರುತ್ತಿದ್ದ ಮಾವ ಮಾತ್ರ ದಿನಾ ಕೇಳುವರು. "ನಿಮ್ಮ ಆ ಪದ್ಯದವರು ಟ್ಯಾಂಕು ಖಾಲಿ ಮಾಡುದು ಯಾವಾಗ? ನೀರಿಗೆ ಬಾಡಿಗೆ ಮನೆ ನೋಡ್ಬೇಕಾ ನಾನು?"

ಮೊದಲ ಮಿಕ್ಸನ್ನು ನಾನು ಎರಡು ಸಲ ಹಾಕಿಸಿ ಕೇಳಿದೆ. ಎರಡನೇ ಸೊಸೆಯ ಸ್ವರ ಮುಂದೆ, ಉಳಿದವರು ಹಿಂದೆ ಅಲೆಯ ಹಾಗೆ. "ಸ್ವಲ್ಪವೇ ಎತ್ತಿದ್ದು ಮೇಡಂ, ಕೇಳಿದವರಿಗೆ ಗೊತ್ತಾಗುದಿಲ್ಲ" ಅಂದರು. ಗೊತ್ತಾಗುತ್ತದೆ ಎಂದು ನನಗೆ ಅನ್ನಿಸಿತು. ಫಳ್ನೀರಿನಲ್ಲಿ ದೊಡ್ಡ ಮಗ ಅರ್ಧ ಹಾಡು ಕೇಳಿದರು, ಎದ್ದರು, ಮೆಲ್ಲಗೆ ಬಟನ್ ಒತ್ತಿ ನಿಲ್ಲಿಸಿದರು. "ಕೆಲಸ ಚಂದ ಉಂಟು ಅಕ್ಕ. ಆದರೆ ಇದು ಆಗುದಿಲ್ಲ." ಪರದೆಯ ಆಚೆ ಯಾರೋ ಎದ್ದು ಒಳಗೆ ಹೋದರು. ಬಳೆಯ ಸದ್ದು ಅಡುಗೆಮನೆಯವರೆಗೂ ಕೇಳಿಸಿತು.

ದೊಡ್ಡ ಮಗನ ಪ್ರಯಾಣ ಹತ್ತಿರ ಬರುತ್ತಿತ್ತು. ನಾವು ಪುನಃ ಕೂತೆವು. ಎರಡನೇ ಟ್ರ್ಯಾಕನ್ನು ಇಳಿಸಿದೆವು. ಆಕೆಯ ಜೊತೆ ಉಮ್ಮನ ತಂಗಿಯ ಮೃದು ಸ್ವರವೂ ಮುಳುಗಿತು, ಆದರೂ ಕಿವಿ ಹುಡುಕಿಕೊಂಡು ಹೋಗುತ್ತಿದ್ದದ್ದು ಆಕೆಯನ್ನೇ. ಟ್ರೆಬಲ್ ಕಡಿಮೆ ಮಾಡಿದರೆ ಎಲ್ಲರೂ ಕಂಬಳಿ ಹೊದ್ದು ಹಾಡಿದ ಹಾಗಾಯಿತು. ಎಕೋ ಹೆಚ್ಚಿಸಿದರೆ ಮಾತೇ ಕರಗಿ ಹೋಯಿತು. ಚಪ್ಪಾಳೆ ಏರಿಸಿದರೆ ರೊಟ್ಟಿ ತಟ್ಟಿದ ಹಾಗೆ. ಪ್ರತಿ ಸಲವೂ ಗುಬ್ಬಚ್ಚಿಗಳು ಕಿಚಪಿಚ ಅನ್ನುತ್ತ ಹಿಂದಕ್ಕೆ.

ಕೊನೆಗೆ ಇವರು ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು, "ಮೇಡಂ, ಒಂದು ದಾರಿ ಉಂಟು. ಎರಡನೇ ಟ್ರ್ಯಾಕ್ ಪೂರಾ ತೆಗೆದುಬಿಡುವ. ಕೂಡಲೇ ಮುಗೀತದೆ. ಆಕೆ ಇದ್ದರೆ ತಾನೇ ಗೊತ್ತಾಗುದು?" ಅಂದರು.

ದೊಡ್ಡ ಮಗನಿಗೂ ಅದು ಒಪ್ಪಿಗೆಯಾಗುತ್ತಿತ್ತು. ಮದುವೆಗೆ ಹಾಡು ತಲುಪುತ್ತಿತ್ತು. ತೆಗೆದು ನೋಡಿದೆವು. ಐದು ನಿಮಿಷ ಕೇಳಿದೆ. ಉಳಿದವರೆಲ್ಲ ಕತ್ತಲಲ್ಲಿ ಮೆಟ್ಟಿಲು ತಡಕುವವರ ಹಾಗೆ ಹಾಡುತ್ತಿದ್ದರು. ಶ್ರುತಿ ಅಲ್ಲಲ್ಲಿ ಜಾರುತ್ತಿತ್ತು. ಅವರೆಲ್ಲ ಕೈಯಿಟ್ಟು ನಡೆದ ಗೋಡೆಯೇ ಆಕೆ.

"ಇಲ್ಲ. ಆಕೆ ಇರಬೇಕು" ಅಂದೆ.

"ಇರಬೇಕು, ಕೇಳಬಾರದು! ಎಂತ ಮೇಡಂ ಇದು, ದೇವರಾ?"

"ನಮ್ಮ ಕಾನ್ವೆಂಟಿನ ಕ್ವಾಯರ್ ಹಾಗೇ ಇತ್ತು" ಅಂದೆ, ಸಿಟ್ಟಿನಲ್ಲೇ. ಹೇಳಿದ್ದು ನನ್ನ ಕಿವಿಗೇ ಈಗ ಬಿದ್ದಿತ್ತು.

ನಮಗೆ ಹಾಡು ಕಲಿಸುತ್ತಿದ್ದ ಸಿಸ್ಟರ್ ಸಾಲುಗಳ ನಡುವೆ ಕಿವಿ ಬಗ್ಗಿಸಿ ನಡೆಯುತ್ತಿದ್ದರು. "ಬ್ಲೆಂಡ್, ಗರ್ಲ್ಸ್, ಬ್ಲೆಂಡ್." ಯಾರ ಎದುರಿಗಾದರೂ ನಿಂತು "ಐ ಕ್ಯಾನ್ ಹಿಯರ್ ಯೂ" ಅಂದರೆ ಅದು ಹೊಗಳಿಕೆಯಲ್ಲ, ಬೈಗುಳ. ನನಗೆ ಅದು ಬೇಕಾದಷ್ಟು ಸಿಕ್ಕಿದೆ. ನಾನು ಮೆಲ್ಲಗೇ ಹಾಡುತ್ತಿದ್ದೆನಲ್ಲ ಅಂತ ಅಳುತ್ತಿದ್ದೆ. ಸಿಸ್ಟರ್ ಹೇಳಿದ್ದು ಈಗ ನೆನಪಾಯಿತು: ಮಗೂ, ಸಿಕ್ಕಿಬೀಳುವವಳು ಜೋರಾಗಿ ಹಾಡುವವಳಲ್ಲ, ಮೊದಲು ಶುರು ಮಾಡುವವಳು.

"ಪುನಃ ಹಾಕಿ" ಅಂದೆ. ಕಣ್ಣು ಮುಚ್ಚಿ ಪ್ರತಿ ಸಾಲಿನ ಆರಂಭವನ್ನಷ್ಟೇ ಕೇಳಿದೆ. ಇತ್ತು! ಪ್ರತಿ ಸಾಲಿನ ಮೊದಲು ಸಣ್ಣದೊಂದು ಉಸಿರು, ಮತ್ತೆ ಕೂದಲೆಳೆಯಷ್ಟು ಮುಂಚೆ ಆಕೆಯ ಸ್ವರ, ಅದರ ಸೆರಗು ಹಿಡಿದು ಉಳಿದ ಐವರು. ಯಾರು ಬಾಗಿಲು ತೆರೆಯುತ್ತಾರೋ ಅವರ ಮುಖ ನೆನಪುಳಿಯುತ್ತದೆ. ಆಮೇಲೆ ಎಷ್ಟು ಇಳಿಸಿದರೂ ಕಿವಿ ಆ ಮುಖವನ್ನೇ ಹುಡುಕುತ್ತದೆ.

ಇವರು ಹಣೆ ಚಚ್ಚಿಕೊಂಡರು. "ಅಟ್ಯಾಕ್! ಲೆವೆಲ್ ಅಲ್ಲ ಮೇಡಂ, ಅಟ್ಯಾಕ್! ಸ್ವರ ಹೊರಡುವ ಗಳಿಗೆ!"

ದಾರಿ ಕಂಡರೂ ನಡೆಯುವುದು ಕಷ್ಟವಿತ್ತು. ಪ್ರತಿ ಸಾಲಿನ ಆರಂಭದಲ್ಲಿ ಎರಡನೇ ಟ್ರ್ಯಾಕಿನ ಫೇಡರ್, ಅಂದರೆ ಸದ್ದು ಏರಿಸಿಳಿಸುವ ಜಾರುಗುಂಡಿ, ಪೂರ್ತಿ ಕೆಳಗಿರಬೇಕು. ಉಳಿದವರು ಮೊದಲ ಅಕ್ಷರ ದಾಟಿದ ಮೇಲೆ ಅದನ್ನು ಏರಿಸಬೇಕು. ಬೇರೆ ಮೈಕುಗಳಲ್ಲಿ ಆಕೆಯ ನೆರಳು ಇದ್ದೇ ಇರುತ್ತಿತ್ತು, ಆದರೆ ನೆರಳಿಗೆ ಮುಖವಿಲ್ಲ. ಇವರ ಎರಡು ಕೈ ಉಳಿದ ಟ್ರ್ಯಾಕುಗಳಿಗೂ ಎಕೋಗೂ ಬೇಕಿತ್ತು. ಎರಡನೇ ಫೇಡರ್ ನನ್ನ ಪಾಲಿಗೆ ಬಂತು.

"ಬಾಗಿಲು ತೆರೆದ ಹಾಗೆ ಅಲ್ಲ ಮೇಡಂ, ಬೆಳಗಾದ ಹಾಗೆ. ಯಾವಾಗ ಆಯ್ತು ಅಂತ ಯಾರಿಗೂ ಗೊತ್ತಾಗಬಾರದು."

ಒಂದು ಹಾಡಿನ ಎಲ್ಲ ಸಾಲುಗಳನ್ನೂ ತಪ್ಪದೆ ಒಂದೇ ಉಸಿರಿನಲ್ಲಿ ಮುಗಿಸಬೇಕು. ಎಡವಿದರೆ ಪುನಃ ಮೊದಲಿನಿಂದ. ನಾನು ಆಕೆಯ ಉಸಿರು ಕೇಳಿದ ಕೂಡಲೇ ನನ್ನ ಉಸಿರು ಹಿಡಿದು ಫೇಡರ್ ಇಳಿಸುವುದು, ಮತ್ತೆ ಏರಿಸುತ್ತ ಉಸಿರು ಬಿಡುವುದು ರೂಢಿ ಮಾಡಿಕೊಂಡೆ. ಬರಬರುತ್ತ ಹಾಡುತ್ತಿರುವವಳು ನಾನೇ ಅನ್ನಿಸಿತು. ಊಟದ ಗಿರಾಕಿಗಳು ಕರಗಿ ಸಾಯಂಕಾಲದ ಚಾ ಶುರುವಾಗುವವರೆಗೆ ನಮ್ಮ ಹೊತ್ತು. ಅದು ಮೀರಿದರೆ ಕೆಳಗೆ ದೋಸೆ ಹಿಟ್ಟಿನ ಗ್ರೈಂಡರ್ ಹೊರಡುತ್ತಿತ್ತು, ಟ್ಯಾಂಕಿನ ಮೈಕು ಹಿಡಿದು ಟೇಪಿನಲ್ಲಿ ಗೊರ್ ಅಂತ ಕೂರುತ್ತಿತ್ತು.

ಕೊನೆಯ ಹಾಡು ಚಂದ ಬರುತ್ತಿದ್ದಾಗ ಎಕೋದಲ್ಲಿ ಏನೋ ತೊಟ್ಟಿಕ್ಕುವ ಸದ್ದು ಬಂತು. ಇವರು ಮೊದಲು ವಯರ್ ನೋಡಿದರು, ಆಮೇಲೆ ನನ್ನನ್ನು. ಇಬ್ಬರೂ ಒಟ್ಟಿಗೆ ತಾರಸಿಗೆ ಓಡಿದೆವು. ಟ್ಯಾಂಕಿನ ಮುಚ್ಚಳ ಸರಿಸಿ, ಸಿಮೆಂಟು ಒಣಗಬಾರದೆಂದು ಮೇಸ್ತ್ರಿ ಪೈಪಿನಲ್ಲಿ ನೀರು ಬಿಡುತ್ತಿದ್ದ. ಪಥ್ಯದ ಮನುಷ್ಯ ಅದು ಹೇಗೆ ಒಳಗೆ ಹಾರಿದರೋ, ಸ್ಪೀಕರನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ನಿಂತಿದ್ದರು.

"ಯಜಮಾನ್ರೇ ಹೇಳಿದ್ದಮ್ಮ" ಎಂದ ಮೇಸ್ತ್ರಿ.

ಕೆಳಗೆ ಮಾವ ಮುಗ್ಧ ಮುಖ ಮಾಡಿದರು. "ಹಾಡುವವರಿಗೆ ಬಾಯಾರಿಕೆ ಆಗ್ತದೆ ಅಂತ ನೀರು ಕೊಟ್ಟದ್ದು ಮಾರಾಯ್ತಿ."

ಟ್ಯಾಂಕು ಒರೆಸಿ ಒಣಗಿಸಿ ಮರುದಿನ ಆ ಹಾಡು ಮುಗಿಸಿದೆವು.

ಫಳ್ನೀರಿನ ಚಾವಡಿ. ಗಲ್ಫಿನಿಂದ ಬಂದ ದೊಡ್ಡ ಕ್ಯಾಸೆಟ್ ಪ್ಲೇಯರು. ನಾನು, ಇವರು, ಎದುರು ದೊಡ್ಡ ಮಗ. ಪರದೆಯ ಆಚೆ ಉಮ್ಮ, ಮತ್ತೆ ಹಾಡಿದ ಆರು ಮಂದಿ. ಮೊದಲ ಹಾಡು ಮುಗಿಯಿತು. ಎರಡನೆಯದು ಶುರುವಾಯಿತು. ದೊಡ್ಡ ಮಗ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಹುಡುಕುತ್ತಿದ್ದರು. ಪ್ರತಿ ಸಾಲಿಗೂ ನನ್ನ ಬೆರಳು ಸೆರಗಿನೊಳಗೆ ಇಲ್ಲದ ಫೇಡರನ್ನು ಏರಿಸಿ ಇಳಿಸುತ್ತಿತ್ತು. ನಡುವೆ ಒಂದು ಕಡೆ ಅವರು ಪಟ್ಟನೆ ಬೆರಳೆತ್ತಿದರು.

"ಸಿಕ್ಕಿತು. ಇದು ಎರಡನೆಯವಳು."

ನನ್ನ ಬೆರಳು ಸೆರಗಿನೊಳಗೇ ನಿಂತಿತು. ಇವರು ನೆಲ ನೋಡಿದರು. ಒಳಗಿನಿಂದ ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕ ಹಾಗೆ, ಮತ್ತೊಬ್ಬರು, ಆಮೇಲೆ ಆರೂ ಮಂದಿ. ಅದರ ಮೇಲೆ ಉಮ್ಮನ ಸ್ವರ ಬಂತು.

"ಅದು ನಿನ್ನ ಹೆಂಡತಿ ಮಾರಾಯ! ಇಷ್ಟು ವರ್ಷ ಅವಳ ಬೈಗುಳ ತಿಂದು ಸ್ವರ ಗೊತ್ತಿಲ್ವಾ ನಿನಗೆ?"

ದೊಡ್ಡ ಮಗನ ಕಿವಿ ಕೆಂಪಾಯಿತು. ಮೀಸೆಯಿಲ್ಲದ ಆ ತುಟಿ ಮೊದಲು ಅಲುಗಿತು, ಆಮೇಲೆ ಅವರೂ ನಕ್ಕರು, ಹೊಟ್ಟೆ ಹಿಡಿದುಕೊಂಡು. "ಪಾಸ್ ಅಕ್ಕ, ಪಾಸ್. ಹೆಂಡತಿಯನ್ನೇ ಕಳೆದುಹಾಕಿದ್ರಿ ನೀವು. ಇನ್ನು ಗಲ್ಫಿನವರಿಗೆ ಎಂತ ಸಿಗ್ತದೆ!"

ಆಗ ನನಗಾದ ಹಗುರ ಹೇಳಿ ತಿಳಿಸುವಂಥದ್ದಲ್ಲ. ಶಾಲೆಯ ಕೊನೆಯ ಬೆಲ್ ಹೊಡೆದಾಗ ಬ್ಯಾಗು ಹಾರಿಸಿ ಓಡುತ್ತಿದ್ದೆವಲ್ಲ, ಹಾಗೆ. ಒಳಗಿನಿಂದ ಬಿರಿಯಾನಿಯ ಹರಿವಾಣ ಬಂತು. ಇವರು ಅದನ್ನು ನೋಡಿದ ನೋಟ ಕಂಡು, ಪರದೆಯ ಹಿಂದಿನಿಂದಲೇ ಉಮ್ಮ, "ಅಯ್ಯೋ, ಆ ಮಗನಿಗೆ ಪಥ್ಯ ಅಂತೆ. ಗಂಜಿ ಕೊಡಿ, ಪಾಪ" ಅಂದರು. ಗಂಜಿ ಬಂತು, ಬೆಳ್ಳಿಯ ಬಟ್ಟಲಿನಲ್ಲಿ.

ಕ್ಯಾಸೆಟ್ ಹೋಯಿತು. ಮದುವೆಯಲ್ಲಿ ಹಾಕಿದಾಗ ಮದುಮಗಳು ಅತ್ತಳಂತೆ, "ನಮ್ಮ ಮನೆ" ಅಂದಳಂತೆ. ಬೇರೆ ಯಾರೂ ಏನೂ ಕೇಳಲಿಲ್ಲ. ಎರಡನೇ ಸೊಸೆ ಮುಂದೆ ಆ ಬೀದಿಯ ಎಷ್ಟೋ ಮೈಲಾಂಜಿಗಳಲ್ಲಿ ಗುಂಪಿನೊಳಗೆ ಕೂತು ಹಾಡಿದಳು. ಇವರು ಪಥ್ಯ ಮುಗಿಸಿ, ನಮ್ಮ ಹೋಟೆಲಿನ ಬನ್ಸ್ ಮನಸಾರೆ ತಿಂದು ಬೊಂಬಾಯಿಗೆ ಹಿಂದೆ ಹೋದರು.

ಆ ದಶಕ ಮುಗಿಯುತ್ತ ಬಂದಾಗ ಉಮ್ಮ ಫಳ್ನೀರಿನಲ್ಲೇ ಒಂದು ಆಸ್ಪತ್ರೆ ಸೇರಿದ್ದಾರೆ ಎಂದು ಕೇಳಿ ಹೋದೆ. ತುಂಬ ಇಳಿದುಹೋಗಿದ್ದರು. ಪಕ್ಕದಲ್ಲಿ ಎರಡನೇ ಸೊಸೆ ಕಿತ್ತಳೆ ಸುಲಿಯುತ್ತಿದ್ದಳು.

"ಆ ದಿನ ನನ್ನ ಮಗ ಪಾಸ್ ಅಂದ" ಉಮ್ಮ ಅಂದರು. "ನನ್ನನ್ನು ನೀವು ಯಾರೂ ಕೇಳಲೇ ಇಲ್ಲ."

"ಕೇಳಿದ್ರೆ ಎಂತ ಹೇಳ್ತಿದ್ರಿ ಉಮ್ಮ?"

"ಮೊದಲ ಗೆರೆಯಲ್ಲೇ ಸಿಕ್ಕಿದಳು ಇವಳು. ಗೆರೆಯ ಕೊನೆಯಲ್ಲಿ ಎಲ್ಲರೂ ಬಿಟ್ಟ ಮೇಲೆ ಇವಳು ಸ್ವರ ಬಿಡುದು. ನೀವು ಎದುರಿನ ಬಾಗಿಲು ಮುಚ್ಚಿದಿರಿ ಮಗಳೇ, ಹಿಂದಿನದ್ದು ತೆರೆದೇ ಇತ್ತು."

ನಾನೂ ಆ ಮಿಕ್ಸಿಂಗಿನವರೂ ಕೇಳದೇ ಹೋದದ್ದು ಅದು. ಬರೀ ಆರಂಭಗಳನ್ನೇ ಕಾದಿದ್ದೆವು.

"ಮತ್ತೆ ಹೇಳಲಿಲ್ಲ ಯಾಕೆ?"

"ಹಿಂದಿನ ಬಾಗಿಲು ಹೆಂಗಸರದ್ದು. ಗಂಡಸರು ಅಲ್ಲಿ ನೋಡುದಿಲ್ಲ." ಉಮ್ಮ ಸೊಸೆಯ ಕಡೆ ತಿರುಗಿದರು. "ಹಾಡು."

ಆಕೆ ಕಿತ್ತಳೆ ಕೆಳಗಿಟ್ಟಳು. ಹೊರಗೆ ವರಾಂಡದಲ್ಲಿ ಜನ ಓಡಾಡುತ್ತಿದ್ದರು. ಅಭ್ಯಾಸಬಲದಿಂದ ನಾನು ಬಾಗಿಲು ಮುಚ್ಚಲು ಎದ್ದೆ.

"ಬೇಡ, ಇರಲಿ" ಅಂದರು ಉಮ್ಮ.

ಸಣ್ಣದೊಂದು ಉಸಿರು. ನನ್ನ ಬೆರಳು ಇಳಿಯಿತು. ಆದರೆ ಇಳಿಸಲು ಅಲ್ಲೇನೂ ಇರಲಿಲ್ಲ, ಸೇರಿಕೊಳ್ಳಲು ಐವರೂ ಇರಲಿಲ್ಲ. ಸ್ವರ ಒಂದೇ ಹೊರಟಿತು, ಒಂದೇ ನಡೆಯಿತು. ಉಮ್ಮ ಹೊದಿಕೆಯ ಮೇಲೆ ಎರಡು ಬೆರಳಿನಿಂದ ಚಪ್ಪಾಳೆ ತಟ್ಟುತ್ತಿದ್ದರು. ವರಾಂಡದಲ್ಲಿ ಹೋಗುತ್ತಿದ್ದ ಯಾರೋ ನಿಂತರು. ಆಕೆ ನಿಲ್ಲಿಸಲಿಲ್ಲ. ಈ ಸಲ ನಾನು ಗೆರೆಯ ಕೊನೆಗೆ ಕಿವಿಗೊಟ್ಟೆ. ಹೌದು, ಬಿಟ್ಟುಬಿಡಲು ಆಕೆಗೆ ಯಾವ ಅವಸರವೂ ಇರಲಿಲ್ಲ.

ಉಮ್ಮನನ್ನು ನಾನು ನೋಡಿದ್ದು ಅದೇ ಕೊನೆ.